ಹೊಸ ಕಂಪನಿಯ ಯೀಸ್ಟ್ ತರಿಸಬಹುದಾ?

ಟೆಕ್ಸಾಸ್‌ನಲ್ಲಿ ಮನೆಯಲ್ಲೇ ಪೇಲ್ ಏಲ್ ಬಿಯರ್ ಮಾಡುತ್ತಿದ್ದೀರಿ, ಹೊಸ ಕಂಪನಿಯ ಲಿಕ್ವಿಡ್ ಯೀಸ್ಟ್ ಅಗ್ಗ, ತರಿಸಬಹುದಾ ಅಂತ ಕೇಳಿದ್ದೀರಿ. ಧಾರಾಳವಾಗಿ ತರಿಸಿ, ಆದರೆ ಇಡೀ 20 ಲೀಟರ್‌ಗೂ ಅದನ್ನೇ ಹಾಕಬೇಡಿ. ಒಂದೇ ವರ್ಟ್ ಅನ್ನು (ಯೀಸ್ಟ್ ಹಾಕುವ ಮುಂಚಿನ ಸಿಹಿ ಮಾಲ್ಟ್ ರಸ) ಎರಡು ಪಾತ್ರೆಗೆ ಹಂಚಿ. ಒಂದಕ್ಕೆ ಮಾಮೂಲಿ ಯೀಸ್ಟ್, ಇನ್ನೊಂದಕ್ಕೆ ಹೊಸದು. ಎರಡನ್ನೂ 18–20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅಕ್ಕಪಕ್ಕ ಇಡಿ. ಇಲ್ಲದಿದ್ದರೆ ರುಚಿ ಬದಲಾಗಿದ್ದು ಯೀಸ್ಟಿನಿಂದಲೋ ಸೆಕೆಯಿಂದಲೋ ಗೊತ್ತೇ ಆಗುವುದಿಲ್ಲ.

ಬೆಲೆಗಿಂತ ಮೊದಲು ನಾನು ನೋಡುವುದು ಪ್ಯಾಕ್ ಮಾಡಿದ ತಾರೀಖು. ಲಿಕ್ವಿಡ್ ಯೀಸ್ಟ್ ಫ್ರಿಜ್‌ನಲ್ಲಿದ್ದರೂ ದಿನ ಕಳೆದಂತೆ ಸಾಯುತ್ತಾ ಹೋಗುತ್ತದೆ. ನಿಮ್ಮ ಕಡೆಯ ಜುಲೈ ಬಿಸಿಲಲ್ಲಿ ಪಾರ್ಸೆಲ್ ಬಾಗಿಲ ಹೊರಗೆ ಕೂತರಂತೂ ಇನ್ನೂ ಬೇಗ, ಅಲ್ವಾ? ತಾರೀಖನ್ನೇ ಹಾಕದ ಕಂಪನಿ ಎಷ್ಟೇ ಅಗ್ಗಕ್ಕೆ ಕೊಟ್ಟರೂ ಬೇಡ.

11.5 ಗ್ರಾಂನ ಡ್ರೈ ಯೀಸ್ಟ್ ಪೊಟ್ಟಣ ಒಂದು ಮನೆಯಲ್ಲಿರಲಿ. ಎರಡು ದಿನವಾದರೂ ನೊರೆ ಏಳದೆ, ಹೈಡ್ರೋಮೀಟರ್ (ದ್ರವದ ಸಾಂದ್ರತೆ ಅಳೆಯುವ ಸಾಧನ) ರೀಡಿಂಗ್ ಕೂಡ ಇಳಿಯದಿದ್ದರೆ ಅದನ್ನು ಹಾಕಿಬಿಡಿ.