21ನೇ ವಾರದ ಸ್ಕ್ಯಾನ್‌ನಲ್ಲಿ ‘ಲೆಮನ್ ಸೈನ್’: ಮುಂದೇನು?

21ನೇ ವಾರದ ಸ್ಕ್ಯಾನ್ ವರದಿಯಲ್ಲಿ ‘ಲೆಮನ್ ಸೈನ್’ (ತಲೆಬುರುಡೆ ನಿಂಬೆಹಣ್ಣಿನ ಆಕಾರದಲ್ಲಿ ಕಾಣುವುದು), ‘ಬನಾನಾ ಸೈನ್’ (ಕಿರುಮೆದುಳು ಬಾಳೆಹಣ್ಣಿನಂತೆ ಬಾಗಿ ಕಾಣುವುದು) ಎರಡೂ ಇವೆ, ಗರ್ಭದಲ್ಲೇ ಶಸ್ತ್ರಚಿಕಿತ್ಸೆ ಆಗುತ್ತದೆಯೇ ಎಂದು ಕೇಳಿದ್ದೀರಿ. ಹಾಗಿದ್ದರೆ ಮಗುವಿನ ಬೆನ್ನೆಲುಬು ಪೂರ್ತಿ ಮುಚ್ಚಿಕೊಳ್ಳದೆ ಬೆನ್ನುಹುರಿ ತೆರೆದೇ ಉಳಿದಿರುವ ಸಾಧ್ಯತೆ ಹೆಚ್ಚು, ಅಂದರೆ ಸ್ಪೈನಾ ಬೈಫಿಡಾ. ಶಸ್ತ್ರಚಿಕಿತ್ಸೆಯ ಬಗ್ಗೆ ಈ ವರದಿಯಿಂದಷ್ಟೇ ಹೇಳಲಾಗದು.

ಈ ವಾರವೇ ಭ್ರೂಣ ವೈದ್ಯಕೀಯ ತಜ್ಞರನ್ನು ಕಾಣಿ, ಮುಂದಿನ ತಪಾಸಣೆಯವರೆಗೆ ದಯವಿಟ್ಟು ಕಾಯಬೇಡಿ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 26 ವಾರ ತುಂಬುವುದರೊಳಗೇ ಗರ್ಭದೊಳಗಿನ ಶಸ್ತ್ರಚಿಕಿತ್ಸೆ ಮಾಡಿದ್ದರು. ದೋಷ ಬೆನ್ನಿನ ಯಾವ ಮಟ್ಟದಲ್ಲಿದೆ, ಕಾಲು ಆಡುತ್ತಿದೆಯೇ ಎಂದು ಮತ್ತೆ ನೋಡಿಸಿ. ಪುಟ್ಟ ಪಾದವೊಂದು ಮಡಚಿ ಬಿಚ್ಚುವುದನ್ನು ಕಾಣಲು ನಮ್ಮ ವೈದ್ಯರು ಪರದೆಯ ಮುಂದೆ ಬಹಳ ಹೊತ್ತು ಕಾದಿದ್ದರು. ಬಳಿಕ ಎಂಆರ್‌ಐ ಮತ್ತು ಗರ್ಭಜಲ ಪರೀಕ್ಷೆ. ಕ್ರೋಮೋಸೋಮ್ ದೋಷವಿದ್ದರೆ ಸಾಮಾನ್ಯವಾಗಿ ಈ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ.

ಆ ಅಧ್ಯಯನದಲ್ಲಿ ಹುಟ್ಟಿದ ಮೇಲೆ ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಶೇ 82ರಷ್ಟು ಮಂದಿಗೆ ವರ್ಷದೊಳಗೆ ಮೆದುಳಿನಲ್ಲಿ ತುಂಬುವ ನೀರನ್ನು ಹರಿಸಲು ಷಂಟ್ ಎಂಬ ನಳಿಕೆ ಬೇಕಾಯಿತು. ಗರ್ಭದಲ್ಲೇ ಆದವರಲ್ಲಿ ಶೇ 40. ಆದರೆ ಅವಧಿಪೂರ್ವ ಹೆರಿಗೆ ಹೆಚ್ಚಿತು. ಗರ್ಭಕೋಶ ಕೊಯ್ದರೆ ಈ ಹೆರಿಗೆಯೂ ಮುಂದಿನವೂ ಸಿಸೇರಿಯನ್ನೇ. ತಾಯಿಗಿರುವ ಅಪಾಯದ ಮಾತನ್ನು ತಜ್ಞರು ಎತ್ತದಿದ್ದರೆ ನೀವೇ ಎತ್ತಿ. ತಂಡ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದೆ ಎಂದೂ ಕೇಳಿ. ಹಳೆಯ ಸ್ಕ್ಯಾನ್ ಚಿತ್ರಗಳೆಲ್ಲ ಜೊತೆಗಿರಲಿ.