ಆಸ್ಪತ್ರೆ ಖರ್ಚಿನ ಏರಿಕೆಗೆ ಅಮೆರಿಕದ ರಾಜ್ಯಗಳು ಹಾಕುವ ಮಿತಿಯಲ್ಲಿ ಏನು ಬದಲಾಗಬೇಕು?

ಎಲ್ಲ ಆಸ್ಪತ್ರೆಗಳಿಗೂ ಒಂದೇ ಶೇಕಡಾವಾರು ಮಿತಿ ಹಾಕುವುದನ್ನು ಬಿಡಬೇಕು. ಮ್ಯಾಸಚೂಸೆಟ್ಸ್ ರಾಜ್ಯ 2012ರ ಕಾನೂನಿನಡಿ, ಆಸ್ಪತ್ರೆಗಳೂ ಸೇರಿದಂತೆ ಆರೋಗ್ಯದ ಒಟ್ಟು ಖರ್ಚಿಗೆ ಇಂಥ ಮಿತಿ ತಂದಿತು. ಮೊದಲ ವರ್ಷಗಳಲ್ಲಿ ಅದು ವರ್ಷಕ್ಕೆ ಶೇ 3.6, ರಾಜ್ಯದ ಆರ್ಥಿಕತೆ ಬೆಳೆಯುವ ವೇಗ ನೋಡಿ ಇಟ್ಟದ್ದು.

ತೊಡಕಿರುವುದು ಲೆಕ್ಕದಲ್ಲೇ. ಒಂದೇ ಸ್ಕ್ಯಾನಿಂಗ್‌ಗೆ ಒಂದು ಕಡೆ 500 ಡಾಲರ್, ಇನ್ನೊಂದು ಕಡೆ 1,000 ಅಂದುಕೊಳ್ಳಿ. ಶೇ 3.6 ಏರಿದರೆ ಮೊದಲನೆಯವರಿಗೆ 18 ಡಾಲರ್ ಜಾಸ್ತಿ, ಎರಡನೆಯವರಿಗೆ 36. ಮೊದಲೇ ದುಬಾರಿಯಾದವರಿಗೇ ಹೆಚ್ಚು ಸಿಕ್ಕಿತು, ಅಲ್ವಾ?

ಕ್ಯಾಲಿಫೋರ್ನಿಯಾ ಮನೆಮಂದಿಯ ಆದಾಯ ಏರುವ ವೇಗ ನೋಡಿ ಮಿತಿ ಇಟ್ಟಿತು: 2025ಕ್ಕೆ ಶೇ 3.5, 2029ಕ್ಕೆ ಶೇ 3. ಬಿಲ್ ಕಟ್ಟುವುದು ಸಂಬಳದಿಂದ ತಾನೇ? ನನಗೆ ಇದೇ ನ್ಯಾಯದ ಅಳತೆ. ತೀರಾ ದುಬಾರಿಯಾದ ಕೆಲವು ಆಸ್ಪತ್ರೆಗಳಿಗೆ ಅಲ್ಲಿ 2026ಕ್ಕೆ ಬರೀ ಶೇ 1.8.