ಕಾಡುಮರ ನೆಟ್ಟ ಜಾಗಕ್ಕೆ ಲಂಟಾನ, ಹುಳ ಬಂದಿದೆ: ಯಾವ ಔಷಧಿ ಹೊಡೆಯಬೇಕು?

ನೀವು ಕೇಳಿರುವುದು ಇಷ್ಟು: ಊರ ಗುಡ್ಡದ ಬುಡದಲ್ಲಿ ಹೋದ ಮಳೆಗಾಲ ಹೊಂಗೆ, ಕಕ್ಕೆ, ನೆಲ್ಲಿ, ಮತ್ತಿ ನೆಟ್ಟಿದ್ದೀರಿ. ಸವರಿದ್ದ ಲಂಟಾನ ಮತ್ತೆ ಚಿಗುರಿದೆ, ನಡುವೆ ಕಾಂಗ್ರೆಸ್ ಗಿಡ ಎದ್ದಿದೆ, ಎಲೆಗಳನ್ನು ಹುಳ ತಿನ್ನುತ್ತಿದೆ. ಯಾವ ಔಷಧಿ ಹೊಡೆಯಬೇಕು?

ಔಷಧಿ ಬೇಡ. ಚಾಮರಾಜನಗರದ ಕಡೆ ಇದೇ ಕೆಲಸ ಮಾಡುವ ಗುಂಪಿನ ಜೊತೆ ನಾನೂ ಗುದ್ದಲಿ ಹಿಡಿಯುತ್ತೇನೆ, ಆ ಅನುಭವದಿಂದ ಹೇಳುತ್ತಿದ್ದೇನೆ. ದುಡ್ಡು, ಕೂಲಿ ಎಲ್ಲ ಕಳೆ ತೆಗೆಯಲು ಹೋಗಲಿ. ಹುಳದ ಚಿಂತೆಯನ್ನು ಮುಕ್ಕಾಲು ಪಾಲು ಬಿಡಬಹುದು.

ಮೊದಲು ಲಂಟಾನ. ಮಚ್ಚಿನಲ್ಲಿ ಸವರಿದರೆ ಅದು ಚಿಗುರದೆ ಇನ್ನೇನು ಮಾಡುತ್ತೆ? ಕಾಂಡ ಮತ್ತು ಬೇರು ಸೇರುವ ಗಂಟು ನೆಲದಲ್ಲೇ ಉಳಿದಿರುತ್ತದೆ, ಚಿಗುರು ಬರುವುದೇ ಅಲ್ಲಿಂದ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಅವರ ತಂಡ ಇದಕ್ಕೆ ಒಂದು ಸರಳ ವಿಧಾನ ಕಂಡುಕೊಂಡಿತು. ಕಾರ್ಬೆಟ್ ಹುಲಿ ಮೀಸಲು ಪ್ರದೇಶದಲ್ಲಿ ಅದನ್ನು ಮಾಡಿ ತೋರಿಸಿದ್ದಾರೆ. ಪೊದೆಯ ಬುಡಕ್ಕೆ ಗುದ್ದಲಿ ಹಾಕಿ, ನೆಲದಿಂದ 3ರಿಂದ 5 ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿಯಬೇಕು. ಆಮೇಲೆ ಇಡೀ ಪೊದೆಯನ್ನು ಎತ್ತಿ, ಬೇರು ಮೇಲೆ ಬರುವ ಹಾಗೆ ಬೋರಲು ಹಾಕಬೇಕು. ಬುಡ ಮಣ್ಣಿಗೆ ತಾಗದಿದ್ದರೆ ಒಣಗಿ ಸಾಯುತ್ತದೆ. ಅಷ್ಟೇ. ಬೇಗ ಮುಗಿಯಲಿ ಅಂತ ಜೆಸಿಬಿ ತರಿಸಬೇಡಿ. ಮಣ್ಣು ತಿರುವಿ ಹಾಕಿದಷ್ಟೂ ಒಳಗೆ ಮಲಗಿರುವ ಕಳೆ ಬೀಜ ಮೊಳೆಯುತ್ತದೆ.

ಎಲ್ಲಿಂದ ಶುರು ಮಾಡಬೇಕು ಅನ್ನುವುದೂ ಮುಖ್ಯ. ಎಲ್ಲರೂ ಕಳೆ ದಟ್ಟವಾಗಿರುವ ಕಡೆಗೇ ಮೊದಲು ನುಗ್ಗುತ್ತಾರೆ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಬ್ರ್ಯಾಡ್ಲಿ ಅಕ್ಕತಂಗಿಯರು 1960ರ ದಶಕದಲ್ಲಿ ಇದಕ್ಕೆ ಉಲ್ಟಾ ಮಾಡಿದರು. ಎಲ್ಲಿ ನಾಡಿನ ಗಿಡ ಚೆನ್ನಾಗಿದೆಯೋ ಅಲ್ಲಿರುವ ಒಂದೊಂದು ಕಳೆ ಮೊದಲು ಕೀಳುವುದು. ಅಲ್ಲಿಂದ ನಿಧಾನವಾಗಿ ಹೊರಗೆ ಹೋಗುವುದು. ತೆರವಾದ ಜಾಗವನ್ನು ಪಕ್ಕದ ಗಿಡ, ಹುಲ್ಲು ತುಂಬಿಕೊಂಡ ಮೇಲೇ ಮುಂದಿನ ಪಟ್ಟಿ. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆ ಸಲಹೆ ಇನ್ನೊಂದಿಲ್ಲ. ಹತ್ತು ಎಕರೆ ಕಿತ್ತು ಬೋಳು ಬಿಡುವುದಕ್ಕಿಂತ ಅರ್ಧ ಎಕರೆ ಕಿತ್ತು ಉಳಿಸಿಕೊಳ್ಳುವುದು ಮೇಲು. ಹಾಗಾಗಿ ಬೇಸಿಗೆಗೆ ಮುಂಚೆಯೇ ಸುತ್ತಲಿನ ಗುಡ್ಡದಿಂದ ಹುಲ್ಲಿನ ಬೀಜ, ತಂಗಡಿ ಬೀಜ ಕೂಡಿಟ್ಟುಕೊಳ್ಳಿ. ಮೊದಲ ಮಳೆಗೆ ಎರಚಿ.

ಮಳೆಗಾಲದಲ್ಲಿ ಮತ್ತೆ ಒಂದು ಸುತ್ತು ಬನ್ನಿ. ಪಿಕಳಾರಗಳು ಲಂಟಾನದ ಹಣ್ಣು ತಿಂದು ದೊಡ್ಡ ಮರಗಳ ಮೇಲೆ ಕೂರುತ್ತವೆ, ಹಾಗಾಗಿ ಆ ಮರಗಳ ನೆರಳಲ್ಲೇ ಸಸಿಗಳು ಗುಂಪು ಗುಂಪಾಗಿ ಏಳುತ್ತವೆ. ಎಲೆ ಉಜ್ಜಿದರೆ ವಾಸನೆಯಲ್ಲೇ ಗೊತ್ತಾಗುತ್ತದೆ. ಮಣ್ಣು ಹಸಿ ಇರುವಾಗ ಎರಡು ಬೆರಳಲ್ಲಿ ಕಿತ್ತರೆ ಬೇರು ಸಮೇತ ಬರುತ್ತದೆ. ಈ ಸುತ್ತನ್ನು ಎರಡು ಮೂರು ವರ್ಷ ಬಿಡಬೇಡಿ.

ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲು ಕೀಳಿ. ಕೈಗೆ ಗ್ಲೌಸ್ ಇರಲಿ, ಇಲ್ಲದಿದ್ದರೆ ತುರಿಕೆ ಗ್ಯಾರಂಟಿ. ಅದರ ಎಲೆಯ ಮೇಲೆ ಕಂದು ಗೆರೆಗಳಿರುವ ಬಿಳಿಚು ಜೀರುಂಡೆ ಕಂಡರೆ ಮುಟ್ಟಬೇಡಿ. ಈ ಗಿಡವನ್ನು ತಿನ್ನಲಿ ಅಂತಲೇ ಮೆಕ್ಸಿಕೋದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಹುಳ ಅದು. ನೀವು ಔಷಧಿ ಹೊಡೆದರೆ ಮೊದಲು ಸಾಯುವುದು ಬಿಟ್ಟಿ ಕೂಲಿ ಮಾಡುತ್ತಿರುವ ಅದೇ.

ಇನ್ನು ನಿಮ್ಮ ಗಿಡದ ಹುಳಗಳು. ಕಕ್ಕೆ ಎಲೆ ತಿನ್ನುತ್ತಿರುವುದು ಮೈ ಹಸಿರು, ಪಕ್ಕದಲ್ಲಿ ಬಿಳಿ ಗೆರೆ ಇರುವ ಕಂಬಳಿಹುಳದಂಥದ್ದು, ಆದರೆ ಚುಚ್ಚುವ ಕೂದಲಿಲ್ಲ ಅಂದರೆ ಬಹುಶಃ ಅದು ಚಿಟ್ಟೆಯ ಮರಿ. ಗಿಡ ಬೋಳಾದರೂ ಮತ್ತೆ ಚಿಗುರುತ್ತದೆ. ಹೊಂಗೆ ಎಲೆಯ ಮೇಲಿನ ಗಂಟುಗಳೂ ಅಷ್ಟೇ, ನೋಡಲು ಚೆನ್ನಾಗಿಲ್ಲ ಅನ್ನುವುದು ಬಿಟ್ಟರೆ ಮರಕ್ಕೆ ಏನೂ ಆಗಲ್ಲ. ಹುಳ ಬರಲಿ, ಹಕ್ಕಿ ಬರಲಿ ಅಂತ ತಾನೇ ಈ ಮರ ನೆಟ್ಟಿದ್ದು? ತೋಟದ ಲೆಕ್ಕ ಇಲ್ಲಿಗೆ ತರಬೇಡಿ.

ತಲೆ ಕೆಡಿಸಿಕೊಳ್ಳಬೇಕಾದದ್ದು ಗೆದ್ದಲಿಗೆ. ಕಾಂಡದ ಮೇಲೆ ಮಣ್ಣಿನ ಪದರ ಕಂಡ ತಕ್ಷಣ ಗಾಬರಿ ಬೇಡ, ಅದು ಸತ್ತ ತೊಗಟೆಯನ್ನಷ್ಟೇ ತಿನ್ನುತ್ತಿರಬಹುದು. ಪದರ ಉದುರಿಸಿ ಉಗುರಲ್ಲಿ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಗಿಡ ಚೆನ್ನಾಗಿದೆ. ಗುಣಿಗೆ ಕೊಳೆಯದ ಸಗಣಿ ಹಾಕಬೇಡಿ, ಗೆದ್ದಲನ್ನು ಕರೆದ ಹಾಗೆ. ಬೇವಿನ ಹಿಂಡಿ ಹಾಕಿ. ಮುಚ್ಚಿಗೆ ಹಾಕುವ ಹುಲ್ಲು ಕಾಂಡದಿಂದ ಒಂದು ಗೇಣು ದೂರ ಇರಲಿ. ಆಡು ಕಟ್ಟುವ ಜಾಗದ ಗೊಬ್ಬರವಾದರೆ ಇನ್ನೂ ಹುಷಾರು, ಬಳ್ಳಾರಿ ಜಾಲಿಯ ಬೀಜ ಅದರಲ್ಲೇ ಬರುತ್ತದೆ.

ಕೊನೆಗೆ, ಸತ್ತ ಗಿಡಗಳ ಜಾಗಕ್ಕೆ ನರ್ಸರಿಯಿಂದ ಹೊಸ ಸಸಿ ತರುವಾಗ ಕಣ್ಣಿಟ್ಟು ನೋಡಿ. ವಯನಾಡಿನಲ್ಲಿ ನೆರಳಿಗೆ, ಅಂದಕ್ಕೆ ಅಂತ ನೆಟ್ಟ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಇವತ್ತು ಬಂಡೀಪುರ, ನಾಗರಹೊಳೆಯ ಒಳಗೂ ಹಬ್ಬಿದೆ. ಕಡಿದರೆ ಬುಡದಿಂದ ಹತ್ತಾರು ಚಿಗುರು. ಇದನ್ನೇ ಕಕ್ಕೆ ಅಂತ ಕೊಟ್ಟರೆ ಹೂ ಬಿಡುವವರೆಗೆ ಕಾಯಬೇಡಿ, ಎಲೆ ನೋಡಿ: ಕಕ್ಕೆಯದ್ದು ಅಂಗೈ ಉದ್ದದ ಎಲೆ, ಒಂದು ಕಡ್ಡಿಗೆ ನಾಲ್ಕೆಂಟು ಜೊತೆ. ಸೆನ್ನಾದ್ದು ಸಣ್ಣ ಎಲೆ, ಜೊತೆಗಳು ಜಾಸ್ತಿ. ಗುರುತು ಸಿಗದಿದ್ದರೆ ಆ ಸಸಿ ತರಲೇಬೇಡಿ.